ಶಂಖದ ಬಾಯಿ, ಕಡಲಿನ ಗುರುತು



ಬೆಂಗಳೂರಿನ ಗರುಡಾಚಾರ್‌ಪಾಳ್ಯದಲ್ಲಿ ಎಷ್ಟು ಆಳಕ್ಕೆ ಬೋರ್‌ವೆಲ್ ಕೊರೆಸಿದರೂ ಒಂದು ಶಂಖ ಸಿಗದು. ನಮ್ಮ ಅಡಿಯಲ್ಲಿರುವುದು ನೈಸ್ ಶಿಲೆ. ಲಾಲ್‌ಬಾಗಿನ ಬಂಡೆಯಂತೆ ಸುಮಾರು 300 ಕೋಟಿ ವರ್ಷ ಹಳೆಯದು. ಮನೆಗೆ ಹಾಸುವ ಶಹಾಬಾದ್ ಕಲ್ಲೇನೋ ಕಡಲತಳದ ಸುಣ್ಣದ ಕೆಸರೇ; ಆದರೆ ಅದು ಕಲ್ಲಾದಾಗ ಶಂಖ ಕಟ್ಟುವ ಬಸವನಹುಳುಗಳ ವಂಶವೇ ಹುಟ್ಟಿರಲಿಲ್ಲ. ಅವು ಬಂದದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ.

ಶಂಖ ಬೇಕೆಂದರೆ ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು. ಅಲ್ಲಿನ ಸುಣ್ಣಕಲ್ಲಿನ ಗಣಿಗಳಲ್ಲಿ ಡೈನೊಸಾರ್ ಕಾಲದ ಕಡಲತೀರವಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫರ್ಡಿನಾಂಡ್ ಸ್ಟೋಲಿಚ್ಕಾ ಆ ಸೀಮೆಯ ಶಂಖಗಳನ್ನು ವರ್ಗೀಕರಿಸಿದ ಗ್ರಂಥ 1867–68ರಲ್ಲಿ ಪ್ರಕಟವಾಯಿತು.

ವರ್ಗೀಕರಣದ ಕಷ್ಟ ಇಷ್ಟೇ: ಹುಳು ಉಳಿದಿರುವುದಿಲ್ಲ. ಎಷ್ಟೋ ಸಲ ಚಿಪ್ಪೂ ಕರಗಿ, ಒಳಗೆ ತುಂಬಿದ್ದ ಕೆಸರಿನ ಅಚ್ಚಷ್ಟೇ ಸಿಗುತ್ತದೆ. ಹೊರಮೈಯ ಗೆರೆ, ಗಂಟು ಅದರಲ್ಲಿ ಕಾಣವು. ಆಗ ಕುಲದ ಹೆಸರಿಗೇ ನಿಲ್ಲಬೇಕು. ಪ್ರಭೇದದ ಹೆಸರಿಗೆ ಆಸೆಪಡಬಾರದು.

ಚಿಪ್ಪು ಸಿಕ್ಕರೆ ಮೊದಲು ಬಾಯಿ ನೋಡಬೇಕು. ಟರಿಟೆಲ್ಲಾ ಕಡಲತಳದ ಮೆತ್ತನೆ ಕೆಸರಿನಲ್ಲಿ ಹುದುಗಿ ನೀರು ಸೋಸಿ ತಿನ್ನುವ ಹುಳು. ಪೊಟಾಮಿಡಿಡೆ ಕುಟುಂಬದವು ಅಳಿವೆಯ ಕಾಂಡ್ಲಾ ಕಾಡಿನವು. ಎರಡೂ ನೀಳವಾಗಿ, ಬುಗುರಿಯ ಮೊಳೆಯಂತೆ ಚೂಪಾಗಿ ಕಾಣುತ್ತವೆ. ಆದರೆ ಟರಿಟೆಲ್ಲಾದ ಬಾಯಿ ಸಾದಾ ದುಂಡು. ಇನ್ನೊಂದರ ಬಾಯಿಯ ಬುಡದಲ್ಲಿ ಚಿಕ್ಕ ಕಚ್ಚು, ತುಟಿ ಹೊರಚಾಚಿರುತ್ತದೆ. ಇದನ್ನು ಗಮನಿಸದಿದ್ದರೆ ಅಳಿವೆಯನ್ನು ತೆರೆದ ಕಡಲೆಂದು ಬರೆದುಬಿಡುತ್ತೇವೆ.

ಹಿಡಿಯುವುದರಲ್ಲೂ ಒಂದು ಕ್ರಮವಿದೆ: ತುದಿ ಮೇಲೆ, ಬಾಯಿ ನಮ್ಮತ್ತ. ಬಾಯಿ ಬಲಕ್ಕೆ ಬಂದರೆ ಬಲಸುತ್ತು. ಕಡಲ ಶಂಖಗಳಲ್ಲಿ ಬಹುಪಾಲು ಹೀಗೆಯೇ. ಪೂಜೆಯಲ್ಲಿ ತಲೆಕೆಳಗಾಗಿ ಹಿಡಿಯುವುದರಿಂದ ಅಲ್ಲಿನ ಅಪರೂಪದ ಬಲಮುರಿ ವಿಜ್ಞಾನಿಗೆ ಎಡಸುತ್ತು. ದಖನ್ ಲಾವಾ ಪದರಗಳ ನಡುವೆ ಸಿಗುವ ಫೈಸಾ ಕೂಡ ಎಡಸುತ್ತೇ. ಅದು ಸಿಹಿನೀರಿನ ಹುಳು. ಅಲ್ಲಿದ್ದದ್ದು ಕೆರೆ. ಅದೇ ಲಾವಾ ರಾಜಮಹೇಂದ್ರಿ ಮುಟ್ಟಿದಲ್ಲಿ ನಡುಪದರದಲ್ಲಿ ಉಪ್ಪುನೀರಿನ ಶಂಖಗಳಿವೆ: ಕಡಲಂಚು ಅಲ್ಲಿತ್ತು.

ಹಾಗೆಂದು ಒಂದೇ ಶಂಖ ನಂಬಿ ತೀರ್ಪು ಕೊಡಲಾಗದು. ಅಲೆ ಚಿಪ್ಪನ್ನು ಎಲ್ಲಿಂದಲೋ ಹೊತ್ತು ತಂದಿರಬಹುದು. ಅಂಚು ಸವೆದಿದೆಯೇ, ಜೊತೆಗಾರರು ಯಾರು ಎಂದು ನೋಡಬೇಕು. ಅರಿಯಲೂರಿಗೆ ಹೋಗುವ ಯುವಕರಿಗೆ ನನ್ನ ಮಾತು ಇದು: ಶಂಖ ಎತ್ತುವ ಮೊದಲು ಯಾವ ಪದರವೆಂದು ಬರೆದುಕೊಳ್ಳಿ. ಪದರ ಗೊತ್ತಿಲ್ಲದ ಶಂಖ ಷೋಕೇಸಿಗೆ ಸರಿ, ಶಾಸ್ತ್ರಕ್ಕಲ್ಲ.