ಸ್ವಹಸ್ತದ ಟಿಪ್ಪಣಿ



ಫೆಬ್ರುವರಿ, ಮಾರ್ಚ್ ತಿಂಗಳುಗಳು ಬಂದುವೆಂದರೆ ಮಹಾರಾಷ್ಟ್ರದ ಗಡಿತಾಲೂಕುಗಳಾದ ಉಮರ್ಗಾ, ನಿಲಂಗಾ, ಉದಗೀರಗಳ ಪುಸ್ತಕದಂಗಡಿಗಳ ಮುಂದೆ ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಯ ಮಕ್ಕಳು ನೆರೆಯುವರು. ಅಲ್ಲಿ ಗೈಡುಗಳುಂಟು, ಬರಬಹುದಾದ ಪ್ರಶ್ನೆಗಳ ಸಂಗ್ರಹಗಳುಂಟು, ಯಾರೋ ಜಾಣ ವಿದ್ಯಾರ್ಥಿಯ ವಹಿಯ ಝೆರಾಕ್ಸ್ ಪ್ರತಿಗಳೂ ಉಂಟು. ಹತ್ತನೆಯ ತರಗತಿಯಲ್ಲಿ ಬೀಜಗಣಿತಕ್ಕೆ 40 ಅಂಕ, ಭೂಮಿತಿಗೆ 40, ವಿಜ್ಞಾನದ ಎರಡು ಭಾಗಗಳಿಗೆ ತಲಾ 40, ಇತಿಹಾಸ ರಾಜ್ಯಶಾಸ್ತ್ರಗಳಿಗೆ ಕೂಡಿ 40, ಭೂಗೋಳಕ್ಕೆ 40. ಹೀಗೆ ಪಾಲುಪಾಲಾಗಿ ಹಂಚಿಹೋದ ವಿದ್ಯೆಯನ್ನು ಒಂದು ಕೈಚೀಲದಲ್ಲಿ ತುಂಬಿ ಮನೆಗೆ ತಂದರೆ ಅರ್ಧ ಪರೀಕ್ಷೆ ಮುಗಿಯಿತೆಂಬ ಸಮಾಧಾನ ತಂದೆತಾಯಿಗಳಿಗೆ. ಆ ಸಮಾಧಾನವನ್ನು ಕದಡುವ ಇಚ್ಛೆ ನನಗಿಲ್ಲ. ಆದರೆ ಕೊಂಡ ಟಿಪ್ಪಣಿಗೂ ತಾನೇ ಕೈಯಾರೆ ಬರೆದುಕೊಂಡ ಟಿಪ್ಪಣಿಗೂ ಇರುವ ಅಂತರವನ್ನು ಕುರಿತು ಈ ಪ್ರಾತಃಕಾಲ ನಾಲ್ಕು ಮಾತು ಹೇಳದಿರಲಾರೆ.

ಈ ಮೂರು ತಾಲೂಕುಗಳ ಕನ್ನಡ ಮನೆಗಳ ಮಕ್ಕಳ ಓದು ಉಳಿದವರ ಓದಿನಂತೆ ಸರಳವಾದುದಲ್ಲ. ನಿಜಾಮರ ಆಳ್ವಿಕೆಯಲ್ಲಿ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಗೆ ಸೇರಿದ್ದುವು. ಆಗಿನ ಉಚ್ಚವಿದ್ಯೆಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯವಂತೂ ವಿಜ್ಞಾನ, ವೈದ್ಯಶಾಸ್ತ್ರಗಳನ್ನು ಕೂಡ ಉರ್ದುವಿನಲ್ಲಿಯೇ ಬೋಧಿಸಿತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರಚಿತವಾದಾಗ ಉದಗೀರ, ನಿಲಂಗಾಗಳೆರಡೂ ಬೀದರನ್ನು ಅಗಲಿ ಮುಂಬಯಿ ರಾಜ್ಯಕ್ಕೆ ಸಂದುವು. 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದುವು. 1982ರಲ್ಲಿ ಹೊಸದಾಗಿ ಹುಟ್ಟಿದ ಲಾತೂರ ಜಿಲ್ಲೆಯ ಪಾಲಾದುವು. ಹೀಗಾಗಿ ಮುತ್ಯಾ ಉರ್ದುವಿನಲ್ಲಿ ಕಲಿತ ಮನೆಯಲ್ಲಿ ಮಗ ಮರಾಠಿಯಲ್ಲಿ ಕಲಿತ, ಮೊಮ್ಮಗಳು ಮರಾಠಿಯ ಜೊತೆಗೆ ಇಂಗ್ಲಿಷನ್ನೂ ಹೊತ್ತುಕೊಂಡಳು. ಮೂರು ತಲೆಮಾರಿನವರೂ ಒಲೆಯ ಮುಂದೆ ಕುಳಿತು ಆಡಿದ ಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. ಅಕ್ಕಲಕೋಟೆ, ಜತ್ತಗಳ ಕಡೆ ಕನ್ನಡ ಮಾಧ್ಯಮದ ಶಾಲೆಗಳುಂಟು. ಪುಣೆಯ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಮಾಡುತ್ತದೆ. ಆದರೆ ಈ ಭಾಗದ ಎಷ್ಟೋ ಕನ್ನಡ ಮಕ್ಕಳಿಗೆ ಶಾಲೆಯೆಂದರೆ ಮರಾಠಿ ಶಾಲೆಯೇ.

ನಿಲಂಗಾ ತಾಲೂಕಿನ ಗಡಿಗ್ರಾಮವೊಂದರಲ್ಲಿ ಪ್ರೌಢಶಾಲೆಯ ಬಾಲಿಕೆಯೊಬ್ಬಳ ವಹಿಯನ್ನು ನೋಡುವ ಅವಕಾಶ ನನಗೆ ಒದಗಿತು. ಪುಟದ ಮಧ್ಯದಲ್ಲಿ ಗುರುಗಳು ಹೇಳಿ ಬರೆಯಿಸಿದ ಮರಾಠಿ ಉತ್ತರ, ನೀಲಿ ಶಾಯಿಯಲ್ಲಿ, ಮುದ್ದಾದ ಅಕ್ಷರಗಳಲ್ಲಿ. ಅಂಚಿನ ಗೆರೆಯಾಚೆಗೆ ಪೆನ್ಸಿಲಿನಿಂದ ಬರೆದ ಸಣ್ಣ ಸಣ್ಣ ಮಾತುಗಳು. ಲಿಪಿ ನಾಗರಿ; ಬಿಡಿಸಿ ಓದಿದರೆ ಮಾತೆಲ್ಲವೂ ಕನ್ನಡ! 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತೆಂಬ ವಾಕ್ಯದ ಬದಿಗೆ ಅವಳು ಬರೆದುಕೊಂಡಿದ್ದುದು, "ಮುತ್ಯಾ ಆಗ ಹತ್ತ ವರ್ಷದಾಂವ" ಎಂದು. ಭೂಗೋಳದ ವಹಿಯಲ್ಲಿ ಭೂಕಂಪದ ಕಾರಣಗಳ ಪಕ್ಕದಲ್ಲಿ 1993ರ ಸೆಪ್ಟೆಂಬರ್ 30ರ ಕಿಲ್ಲಾರಿಯ ಭೂಕಂಪದ ಉಲ್ಲೇಖ, ಅದರ ಕೆಳಗೆ, "ಆಯಿ ಅಂಗಳದಾಗ ಮಲಗಿದ್ದಕ್ಕ ಉಳದ್ಳು." ಪರೀಕ್ಷಕರು ಈ ಎರಡು ಸಾಲುಗಳಿಗೆ ಒಂದು ಅಂಕವನ್ನೂ ಕೊಡಲಾರರು. ಆದರೂ ಆ ಬಾಲಿಕೆಗೆ ತಾರೀಖುಗಳು ಮರೆಯುವ ಸಂಭವವಿಲ್ಲವೆಂದು ನಾನು ನಿಸ್ಸಂಶಯವಾಗಿ ನಂಬುತ್ತೇನೆ; ಏಕೆಂದರೆ ಪಾಠವು ಅಲ್ಲಿ ಅವಳ ಮನೆಯನ್ನು ಪ್ರವೇಶಿಸಿ ಅವಳದಾಗಿದೆ.

ಪರರ ಟಿಪ್ಪಣಿ ಸರ್ವಥಾ ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ. ಕೇಂಬ್ರಿಜ್ಜಿನ ಗಣಿತ ಪರೀಕ್ಷೆಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುತ್ತಿದ್ದ ಜಿ. ಎಸ್. ಕಾರ್ ಎಂಬ ಖಾಸಗಿ ಶಿಕ್ಷಕನು ಸುಮಾರು 5,000 ಸೂತ್ರ ಪ್ರಮೇಯಗಳನ್ನು ಒಟ್ಟುಗೂಡಿಸಿ 1880ರ ದಶಕದಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಸಾಧನೆಗಳು ಅತ್ಯಲ್ಪವಾಗಿ, ಫಲಿತಾಂಶಗಳ ಪಟ್ಟಿಯೇ ಪ್ರಧಾನವಾಗಿದ್ದ ಆ ಪುಸ್ತಕ, ನಮ್ಮ ಅಂಗಡಿಗಳ ಗೈಡುಗಳ ಹಿರಿಯಣ್ಣನೆಂದೇ ಹೇಳಬಹುದು. 1903ರ ಸುಮಾರಿಗೆ ಅದು ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಎಂಬ ಬಾಲಕನ ಕೈಸೇರಿತು. ಅವನು ಅದನ್ನು ಬಾಯಿಪಾಠ ಮಾಡದೆ, ಒಂದೊಂದು ಸೂತ್ರವನ್ನೂ ಸ್ವತಃ ಸಾಧಿಸತೊಡಗಿದನು. ಕಾಗದಕ್ಕೆ ಹಣವಿಲ್ಲದ ಮನೆ. ಆದುದರಿಂದ ಪಾಟಿಯ ಮೇಲೆ ಲೆಕ್ಕ ಮಾಡುವುದು, ಮೊಣಕೈಯಿಂದ ಒರಸುವುದು, ಕಡೆಗೆ ದೊರೆತ ಫಲವನ್ನು ಮಾತ್ರ ವಹಿಗೆ ಏರಿಸುವುದು. ಜಗತ್ತಿನ ಗಣಿತಜ್ಞರು ಇಂದಿಗೂ ಆ ವಹಿಗಳನ್ನು ಅಭ್ಯಸಿಸುತ್ತಿದ್ದಾರೆ. ಅದೇ ರಾಮಾನುಜನ್ ಗಣಿತದ ಗುಂಗಿನಲ್ಲಿ ಉಳಿದ ವಿಷಯಗಳನ್ನು ಅಲಕ್ಷಿಸಿ ಕಾಲೇಜಿನ ಪರೀಕ್ಷೆಯಲ್ಲಿ ಅನುತ್ತೀರ್ಣನಾದನೆಂಬುದನ್ನೂ ಮಕ್ಕಳಿಗೆ ಮರೆಮಾಚದೆ ಹೇಳಬೇಕು. ಇಷ್ಟವಾದ ವಿಷಯದ ವಹಿ ತುಂಬಿ, ಇಷ್ಟವಿಲ್ಲದ ವಿಷಯದ ವಹಿ ಬರಿದಾಗಿ ಉಳಿಯುವುದು ಹೆಚ್ಚುಕಡಮೆ ಎಲ್ಲ ವಿದ್ಯಾರ್ಥಿಗಳ ಅನುಭವ.

ನಮ್ಮ ನೆರೆಯ ಲಾತೂರಿನ ಪದ್ಧತಿ, 'ಲಾತೂರ್ ಪ್ಯಾಟರ್ನ್' ಎಂದು ಮಹಾರಾಷ್ಟ್ರದಾದ್ಯಂತ ಹೆಸರಾದುದು, ವಿದ್ಯಾರ್ಥಿಗಳಿಂದ ಪದೇ ಪದೇ ಪರೀಕ್ಷೆ ಬರೆಯಿಸಿ ಅವರನ್ನು ಅಣಿಗೊಳಿಸುವ ಕ್ರಮ. ಕೆಲವರು ಅದನ್ನು ಯಾಂತ್ರಿಕವೆಂದು ಹಳಿಯುವರು. ಆದರೆ ಅದರಲ್ಲಿಯೂ ಗ್ರಾಹ್ಯವಾದ ಅಂಶವೊಂದಿದೆ: ಓದಿದುದನ್ನು ನೆನೆದು ಬರೆಯುವುದು. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು, ಒಂದನ್ನು ಎರಡು ಸಾರಿ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ಪುಸ್ತಕ ಮುಚ್ಚಿ, ನೆನಪಿದ್ದುದನ್ನು ಬರೆಯಿಸಿದರು. ಐದು ನಿಮಿಷಗಳ ನಂತರ ನೋಡಿದಾಗ ಎರಡು ಸಾರಿ ಓದಿದ್ದೇ ಮೇಲಾಗಿತ್ತು. ವಾರ ಕಳೆದ ಮೇಲಾದರೋ, ಬರೆದು ನೆನೆದ ಭಾಗದಲ್ಲಿ ಶೇಕಡಾ 56ರಷ್ಟು ನೆನಪಿನಲ್ಲಿ ಉಳಿದಿದ್ದರೆ, ಬರಿದೆ ಮರಳಿ ಓದಿದ ಭಾಗದಲ್ಲಿ ಉಳಿದುದು 42. ಅಂದಮೇಲೆ ಪರೀಕ್ಷೆಯ ಹಿಂದಿನ ರಾತ್ರಿ ಗೈಡನ್ನು ಮತ್ತೆ ಮತ್ತೆ ತಿರುವಿಹಾಕಿದಾಗ ಉಂಟಾಗುವ ಧೈರ್ಯ ನಂಬತಕ್ಕದ್ದಲ್ಲ. ಅದು ಐದು ನಿಮಿಷದ ಧೈರ್ಯ.

ಆದುದರಿಂದ ಗಡಿನಾಡಿನ ಗುರುಗಳಲ್ಲಿ ನನ್ನ ವಿನಂತಿ ಇಷ್ಟೆ: ಮಕ್ಕಳ ವಹಿಯ ಅಂಚಿನಲ್ಲಿ ಮನೆಮಾತು ಕಂಡರೆ ದಯವಿಟ್ಟು ಅದನ್ನು ಅಳಿಸಬೇಡಿರಿ. ಉತ್ತರಪತ್ರಿಕೆಯಲ್ಲಿ ಶುದ್ಧ ಮರಾಠಿಯನ್ನೇ ಬರೆಯಲಿ, ಅದು ಅವರ ಕರ್ತವ್ಯ. ವಹಿಯಲ್ಲಿ ಮಾತ್ರ ತಿಳಿದ ಭಾಷೆಯಲ್ಲಿ ತಿಳಿದಂತೆ ಬರೆದುಕೊಳ್ಳಲಿ. ತಂದೆತಾಯಿಗಳು ಗೈಡಿಗೆ ಕೊಡುವ ಹಣದಲ್ಲಿ ಸ್ವಲ್ಪ ಉಳಿಸಿ ಎರಡು ಖಾಲಿ ವಹಿಗಳನ್ನು ಕೊಡಿಸಲಿ. ಮತ್ತು, ಪರೀಕ್ಷೆಗೆ ಕೂರಲಿರುವ ಮಕ್ಕಳೇ, ಇಂದು ಸಾಯಂಕಾಲ ಯಾವುದಾದರೂ ಒಂದು ಪಾಠವನ್ನು ಓದಿ ಮುಚ್ಚಿಟ್ಟು, ಅದರಲ್ಲಿ ನಿಮಗೆ ತಿಳಿದಷ್ಟನ್ನು ನಿಮ್ಮ ಮಾತಿನಲ್ಲಿ ಒಂದು ಪುಟ ಬರೆಯಿರಿ. ಬರೆದುದನ್ನು ಮನೆಯ ಹಿರಿಯರಿಗೆ ಓದಿ ಹೇಳಿರಿ.