ಆ ಹಾಡು ಬರೆದದ್ದು ಯಾರು ಗುರು?

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ಆಫೀಸಲ್ಲಿ ಬಹಳ ಕೆಲಸ ಇರೋ ಹಾಗೆ ಮುಖ ಮಾಡ್ಕೊಂಡು ಕೇಳ್ತಿರೋರು, ಎಲ್ರಿಗೂ ಸ್ವಾಗತ.

ಇವತ್ತು ಹೆಸರಿನ ಬಗ್ಗೆ ಮಾತಾಡೋಣ. ಹಾಡಿನ ಹೆಸರಲ್ಲ, ಹಾಡು ಮಾಡಿದವರ ಹೆಸರು.

ಬೆಂಗಳೂರಲ್ಲಿ ಮೆಟ್ರೋ ಹತ್ತೋರಿಗೆಲ್ಲಾ ಒಂದು ಧ್ವನಿ ಗೊತ್ತು. 'ಮುಂದಿನ ನಿಲ್ದಾಣ' ಅಂತ ಅಚ್ಚ ಕನ್ನಡದಲ್ಲಿ ಹೇಳ್ತಿದ್ದ ಧ್ವನಿ. ಅದು ಅಪರ್ಣಾ ಅವರದ್ದು. 2024ರ ಜುಲೈನಲ್ಲಿ ಅವರು ತೀರಿಕೊಂಡ ದಿನ ನನ್ನ ರೂಮ್‌ಮೇಟ್ ಫೋನ್ ನೋಡ್ತಾ, "ಏನ್ ಗುರು, ಮಜಾ ಟಾಕೀಸ್ ವರಲಕ್ಷ್ಮಿನೇನಾ ಮೆಟ್ರೋದಲ್ಲಿ ಮಾತಾಡ್ತಿದ್ದಿದ್ದು?" ಅಂದ. ಟಿವಿಯಲ್ಲಿ ಅವರನ್ನ ನೋಡಿ ಬಿದ್ದು ಬಿದ್ದು ನಕ್ಕಿದ್ದಾನೆ. ಮೆಟ್ರೋದಲ್ಲಿ ಅವರು ಹೇಳಿದ ಕಡೆ ದಿನಾ ಇಳಿದಿದ್ದಾನೆ. ಎರಡೂ ಒಬ್ಬರೇ ಅಂತ ಅವನಿಗೆ ಗೊತ್ತಾಗಿದ್ದು ಅವರು ಹೋದ ಮೇಲೆ.

ಅಪರ್ಣಾ ಅವರಿಗಾದ್ರೂ ದೊಡ್ಡ ಹೆಸರಿತ್ತು. ಹೆಸರೇ ಇಲ್ಲದವರ ಕಥೆ ಹೇಳ್ತೀನಿ ಕೇಳಿ.

ಕಾಲೇಜಲ್ಲಿ ನನಗಿಂತ ಎರಡು ವರ್ಷ ಸೀನಿಯರ್ ಒಬ್ರು ಇದ್ರು. ನಾವೆಲ್ಲಾ ಅಕ್ಕ ಅಂತಾನೇ ಕರೀತಿದ್ವಿ. ಈಗ ತುಮಕೂರು ಕಡೆ ಒಂದು ಸೊಸೈಟಿಯಲ್ಲಿ ಅಕೌಂಟೆಂಟ್. ಕೆಲವು ವರ್ಷದ ಹಿಂದೆ ಒಂದು ಸಣ್ಣ ಬ್ಯಾಂಡ್‌ಗೆ ಹಾಡು ಬರೆದುಕೊಟ್ಟಿದ್ರು. ಮದುವೆಯಾಗಿ ಹೊರಟ ಮಗಳಿಗೆ ತಾಯಿ ಹೇಳೋ ಹಾಡು. ಹಾಡು ಬಂತು, ಹೋಯ್ತು, ಯಾರೂ ಕೇಳಲಿಲ್ಲ. ಆಮೇಲೆ ಯಾವುದೋ ಒಂದು ಪೇಜ್‌ನವರು ಅದರ ಪಲ್ಲವಿ ಮಾತ್ರ ಕತ್ತರಿಸಿ, ಸ್ವಲ್ಪ ನಿಧಾನ ಮಾಡಿ, ಮಳೆ ಸದ್ದು ಸೇರಿಸಿ ಹಾಕಿದ್ರು. ರೀಲ್ಸ್‌ನಲ್ಲಿ ಹರಡಿಬಿಡ್ತು. ಆಡಿಯೋ ಮೇಲೆ ಬೆರಳಿಟ್ರೆ ಕಾಣೋದು ಆ ಪೇಜ್ ಹೆಸರು, ಪಕ್ಕದಲ್ಲಿ 'ಒರಿಜಿನಲ್ ಆಡಿಯೋ' ಅಂತ. ಒರಿಜಿನಲ್ ಅಂತೆ!

ಹೋದ ವರ್ಷ ಅಕ್ಕನ ಚಿಕ್ಕಪ್ಪನ ಮಗಳ ಮದುವೆ. ಹೆಣ್ಣೊಪ್ಪಿಸೋ ಶಾಸ್ತ್ರದ ವಿಡಿಯೋಗೆ ಫೋಟೋಗ್ರಾಫರ್ ಹುಡುಗ ಇದೇ ಹಾಡು ಹಾಕಿದ್ದ. ಮನೆಯವರೆಲ್ಲಾ ಒಟ್ಟಿಗೆ ಕೂತು ನೋಡಿ, ಎಲ್ರ ಕಣ್ಣಲ್ಲೂ ನೀರು. ದೊಡ್ಡಮ್ಮ ಸೆರಗಲ್ಲಿ ಮುಖ ಒರೆಸ್ಕೊಂಡು, "ಹಳೇ ಕಾಲದೋರು ಎಷ್ಟ್ ಚೆನ್ನಾಗಿ ಕಟ್ಟಿದ್ದಾರೆ ನೋಡೇ, ಈಗಿನೋರಿಗೆ ಎಲ್ಲಿ ಬರ್ಬೇಕು" ಅಂದ್ರಂತೆ. ಅಕ್ಕ ಪಕ್ಕದಲ್ಲೇ ಉಳಿದ ಹೋಳಿಗೆ ತಿಂತಾ ಕೂತಿದ್ರು.

"ನೀವೇನಂದ್ರಿ?" ಅಂತ ಫೋನಲ್ಲಿ ಕೇಳ್ದೆ.

"ಏನಂತ ಹೇಳ್ಲಿ? ಜಾನಪದ ಅಂದ್ಕೊಂಡ್ರೆ ಅದು ಮರ್ಯಾದೇನೇ ಕಣೋ. ಆದ್ರೆ ನಾನಿನ್ನೂ ಬದುಕಿದ್ದೀನಲ್ಲ" ಅಂದ್ರು. ಆಮೇಲೆ ನಕ್ರು. ನನಗೆ ನಗು ಬರ್ಲಿಲ್ಲ.

ನಾನು ಬಿ.ಕಾಂ ಓದಿದವನು, ನನ್ನ ತಲೆ ಮೊದಲು ಓಡೋದು ದುಡ್ಡಿನ ಕಡೆಗೆ. ಬೈಬೇಡಿ. ಜರ್ನಲ್ ಎಂಟ್ರಿ ಬರೆದ ಮೇಲೆ ಕೆಳಗೆ ಬ್ರಾಕೆಟ್‌ನಲ್ಲಿ ಒಂದು ಸಾಲು ನರೇಷನ್ ಬರೀಬೇಕು, ಈ ದುಡ್ಡು ಯಾಕೆ ಬಂತು, ಯಾರಿಗೆ ಹೋಯ್ತು ಅಂತ. ಬರೀದಿದ್ರೆ ನಮ್ಮ ಮೇಷ್ಟ್ರು ಮಾರ್ಕ್ಸ್ ಕಟ್ ಮಾಡೋರು. ಯಾರದ್ದು ಅಂತ ಗೊತ್ತಾಗದ ಮೊತ್ತ ಇದ್ರೆ ಅದಕ್ಕೆ ಸಸ್ಪೆನ್ಸ್ ಅಕೌಂಟ್ ಅಂತ ಒಂದು ಜಾಗ. ಹಾಡಿನ ರಾಯಲ್ಟಿ ಕೂಡ ಹೀಗೇನೇ. ಬರೆದವರ ಹೆಸರು ಸರಿಯಾಗಿ ದಾಖಲಾಗದಿದ್ರೆ ದುಡ್ಡಿಗೆ ಅವರ ಮನೆ ದಾರಿ ಗೊತ್ತಾಗಲ್ಲ.

ಕಾನೂನು ಇಲ್ವಾ ಅಂದ್ರೆ, ಇದೆ. 2012ಕ್ಕೆ ಮುಂಚೆ ಸಾಹಿತ್ಯ ಬರೆದವರು, ಸಂಗೀತ ಮಾಡಿದವರು ಒಂದು ಸಲ ದುಡ್ಡು ಇಸ್ಕೊಂಡು ಹಕ್ಕು ಬರೆದುಕೊಟ್ರೆ ಕಥೆ ಮುಗೀತು ಅನ್ನೋದೇ ರೂಢಿ. ಆ ವರ್ಷ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ರಾಜ್ಯಸಭೆಯಲ್ಲಿ ಅದರ ಪರ ನಿಂತವರಲ್ಲಿ ಜಾವೇದ್ ಅಖ್ತರ್ ಮುಖ್ಯರು. ಈಗ ಸಿನಿಮಾ ಹಾಡು ಥಿಯೇಟರ್ ಬಿಟ್ಟು ಬೇರೆ ಕಡೆ ಬಳಕೆಯಾದ್ರೆ ಬರೋ ರಾಯಲ್ಟಿಯಲ್ಲಿ ಬರೆದವರಿಗೂ ಸಮಪಾಲು. 'ನನಗೆ ಬೇಡ' ಅಂತ ಸೈನ್ ಹಾಕಿಸ್ಕೊಂಡ್ರೂ ಅದು ನಡೆಯಲ್ಲ. ಸಿನಿಮಾ ಅಲ್ಲದ ಹಾಡಿಗೂ ಈ ರಕ್ಷಣೆ ಇದೆ. ವಸೂಲಿ ಮಾಡಿ ಹಂಚೋಕೆ ಐಪಿಆರ್‌ಎಸ್ ಅಂತ ಸಂಸ್ಥೆ ಇದೆ, 1969ರಿಂದ. ಆದ್ರೆ ಅಲ್ಲಿ ಸದಸ್ಯರಾಗಿ ನಿಮ್ಮ ಹಾಡನ್ನ ನಿಮ್ಮ ಹೆಸರಲ್ಲಿ ನೋಂದಾಯಿಸಬೇಕು. ಈ ಮಾತನ್ನ ಹೊಸಬರಿಗೆ ಹೇಳೋರು ಯಾರು?

ಆಕಾಶವಾಣಿ ಒಂದು ಒಳ್ಳೆ ಅಭ್ಯಾಸ ಇಟ್ಕೊಂಡಿದೆ ನೋಡಿ. ಹಾಡಿಗೆ ಮುಂಚೆ ಚಿತ್ರ ಯಾವುದು, ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಹಾಡಿದವರು ಯಾರು, ನಿಧಾನವಾಗಿ ಹೇಳ್ತಾರೆ. ಚಿಕ್ಕವನಿದ್ದಾಗ ಹಾಡು ಬೇಗ ಬರಲಿ ಅಂತ ನನಗೆ ಸಿಟ್ಟು ಬರ್ತಿತ್ತು. ಆದ್ರೆ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಅನ್ನೋ ಹೆಸರು ನನ್ನ ಕಿವಿಗೆ ಬಿದ್ದಿದ್ದು ಹಾಗೇನೇ. ಅವರ ಮುಖ ನೋಡೋಕೆ ಎಷ್ಟೋ ವರ್ಷ ಮುಂಚೆ ಹೆಸರು ಬಾಯಿಗೆ ಬಂದಿತ್ತು.

ಅದಕ್ಕೂ ಹಿಂದೆ ಹೋದ್ರೆ ಗೌಹರ್ ಜಾನ್. 1902ರಲ್ಲಿ ಕಲ್ಕತ್ತಾದಲ್ಲಿ ರೆಕಾರ್ಡಿಂಗ್. ತಟ್ಟೆಯ ಒಂದು ಬದಿಗೆ ಹಿಡಿಯೋದೇ ಹೆಚ್ಚುಕಮ್ಮಿ ಮೂರು ನಿಮಿಷ. ಅಷ್ಟು ಇಕ್ಕಟ್ಟಿನಲ್ಲೂ ಹಾಡು ಮುಗಿಸಿ ಆಯಮ್ಮ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಕೂಗಿ ಹೇಳ್ತಾರೆ. ಯೂಟ್ಯೂಬ್‌ನಲ್ಲಿದೆ, ಕೇಳಿ, ಮೈ ಜುಂ ಅನ್ನುತ್ತೆ. ಆಗ ತಟ್ಟೆ ಅಚ್ಚಾಗ್ತಿದ್ದಿದ್ದು ಜರ್ಮನಿಯಲ್ಲಿ, ಅಲ್ಲಿನವರಿಗೆ ಹಾಡಿದ್ದು ಯಾರು ಅಂತ ಗೊತ್ತಾಗಲಿ ಅಂತ ಹೀಗೆ ಹೇಳಿಸ್ತಿದ್ರಂತೆ. ಕಾರಣ ಏನೇ ಇರ್ಲಿ, ಆ ಕೂಗಿನಲ್ಲಿರೋ ಗತ್ತು ಮಾತ್ರ ಅವರದ್ದೇ. ಇನ್ನೊಂದು ವಿಷಯ ಗೊತ್ತಾ? ಅವರ ಕೊನೇ ದಿನಗಳು ಕಳೆದದ್ದು ನಮ್ಮ ಮೈಸೂರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನ ಆಸ್ಥಾನಕ್ಕೆ ಕರೆಸಿಕೊಂಡಿದ್ರು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡ್ರು.

ನಮ್ಮವರಂತೂ ಹೆಸರಿನ ಗುರುತನ್ನ ಹಾಡಿನ ಒಳಗೇ ಇಟ್ಟುಬಿಟ್ಟಿದ್ರು. ಅಂಕಿತ ಅಂತ ಸ್ಕೂಲಲ್ಲಿ ಓದಿದ್ದು ನೆನಪಿದ್ಯಾ? ಕೂಡಲಸಂಗಮದೇವ ಅಂತ ಬಂದ್ರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಅಂದ್ರೆ ಅಕ್ಕಮಹಾದೇವಿ, ಪುರಂದರ ವಿಠಲ ಅಂದ್ರೆ ಪುರಂದರದಾಸರು, ಶಿಶುನಾಳಧೀಶ ಅಂದ್ರೆ ಶರೀಫರು. ಒಂದು ಮಾರ್ಕಿನ ಪ್ರಶ್ನೆ. ಅದು ದೇವರ ಹೆಸರು, ತಮ್ಮ ಹೆಸರು ಮೆರೆಸೋಕೆ ಇಟ್ಟಿದ್ದಲ್ಲ, ಒಪ್ತೀನಿ. ಆದ್ರೂ ಪುಸ್ತಕವಿಲ್ಲದೆ, ಬಾಯಿಂದ ಬಾಯಿಗೆ ಹೋದ್ರೂ ಯಾರದ್ದು ಅನ್ನೋದು ಜೊತೆಗೇ ಹೋಗ್ತಿತ್ತು.

ಆದ್ರೆ ಅಂಕಿತ ಬರೋದು ಎಲ್ಲಿ? ಕೊನೇ ಸಾಲಲ್ಲಿ. ಗೌಹರ್ ಜಾನ್ ಹೆಸರು ಹೇಳೋದೂ ಕೊನೆಗೇ. ನಾವು ಕೊನೇವರೆಗೂ ಎಲ್ಲಿ ಕೇಳ್ತೀವಿ? ಸ್ಪಾಟಿಫೈ ಲೆಕ್ಕದಲ್ಲಿ 30 ಸೆಕೆಂಡ್ ಕೇಳಿದ್ರೆ ಒಂದು ಸ್ಟ್ರೀಮ್. ರೀಲ್ಸ್‌ನಲ್ಲಿ ಅಷ್ಟೂ ಇರಲ್ಲ. ಇವತ್ತು ಶರೀಫರ ಪದಾನೇ ರೀಲ್ಸ್‌ಗೆ ಕತ್ತರಿಸಿದ್ರೂ ಮೊದಲು ಬಿದ್ದುಹೋಗೋದು ಅವರ ಅಂಕಿತಾನೇ.

ಫೋನಲ್ಲಿ ಹೆಸರು ಸಿಗೋದೇ ಇಲ್ಲ ಅಂತೇನಿಲ್ಲ. ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿ, ಕ್ರೆಡಿಟ್ಸ್ ಅಂತಿರುತ್ತೆ. ನಿಮ್ಮ ಇಷ್ಟದ ಹತ್ತು ಕನ್ನಡ ಹಾಡು ತಗೊಂಡು ಇವತ್ತು ರಾತ್ರಿ ನೋಡಿ. ನಾನು ನೋಡಿದ ಎಷ್ಟೋ ಹಾಡಲ್ಲಿ ಹಾಡಿದವರ ಹೆಸರು ದಪ್ಪಗಿದೆ, ಸಾಹಿತ್ಯದ ಜಾಗದಲ್ಲಿ ಒಂದೋ ಏನೂ ಇಲ್ಲ, ಇಲ್ಲಾ ಒಬ್ಬರದ್ದೇ ಹೆಸರು ಮೂರು ಸ್ಪೆಲ್ಲಿಂಗ್‌ನಲ್ಲಿ. ಕಂಪ್ಯೂಟರ್‌ಗೆ ಅದು ಮೂರು ಜನ.

ಹೋದ ತಿಂಗಳು ಒಂದು ಭಾನುವಾರ ತುಮಕೂರಿಗೆ ಹೋಗಿದ್ದೆ. ಅಕ್ಕನ ಮನೆ ಊಟದ ಟೇಬಲ್ ಮೇಲೆ ಪ್ಯಾನ್ ಕಾರ್ಡು, ಪಾಸ್‌ಬುಕ್ಕು, ಹಾಡು ಬರೆದಿದ್ದ ಹಳೇ ಡೈರಿ, ಎಲ್ಲಾ ಹರಡ್ಕೊಂಡು ಕೂತ್ವಿ. ಡೈರಿಯಲ್ಲಿ ಮೂರು ಚರಣ ಇದೆ. ಹಾಡಲ್ಲಿ ಎರಡು, ರೀಲ್ಸ್‌ನಲ್ಲಿ ಸೊನ್ನೆ. ಹಾಡು ಬಿಡುಗಡೆ ಮಾಡಿದ ಕಂಪನಿಯವರು ಸಾಹಿತ್ಯದ ಕಾಲಂನಲ್ಲೂ ಬ್ಯಾಂಡ್ ಹೆಸರೇ ಹಾಕಿದ್ದಾರೆ. ಸರಿಪಡಿಸಿ ಅಂತ ಮೇಲ್ ಬರೆದ್ವಿ. ಅಕ್ಕ 'ದಯವಿಟ್ಟು' ಅಂತ ಮೂರು ಕಡೆ ಹಾಕಿದ್ರು, ನಾನು ಎರಡು ತೆಗೆಸಿದೆ.

ಇವತ್ತಿನವರೆಗೂ ಉತ್ತರ ಬಂದಿಲ್ಲ. ಬಂದ್ರೆ ಇಲ್ಲೇ ಹೇಳ್ತೀನಿ. ಮೂರನೇ ಚರಣ ಓದ್ಲಾ ಅಂತ ಕೇಳ್ದೆ, "ಮೊದಲು ಹೆಸರು ಬರಲಿ, ಆಮೇಲೆ ಓದುವೆಯಂತೆ" ಅಂದಿದ್ದಾರೆ. ಮುಂದಿನ ವಾರ ಸಿಗೋಣ.