ಕಾಣದವನಿಗೆ ಕಣ್ಣು ಕಾಣುತ್ತಾ?

ಮಾಯವಾಗೋ ಕಥೆ ಯಾರಿಗೆ ಇಷ್ಟ ಇಲ್ಲ ಹೇಳಿ? ಇಂದ್ರಜಿತ್‌ನಿಂದ ಹಿಡಿದು ‘ಮಿಸ್ಟರ್ ಇಂಡಿಯಾ’ ತನಕ ಅದೇ ಹುಚ್ಚು. ಆದರೆ ಭೌತಶಾಸ್ತ್ರದ್ದು ಒಂದು ತಕರಾರಿದೆ. ಏನಾದರೂ ಕಾಣಬೇಕು ಅಂದ್ರೆ ಕಣ್ಣಿನ ರೆಟಿನಾ ಬೆಳಕನ್ನು ಹೀರಿಕೊಳ್ಳಲೇಬೇಕು. ಬೆಳಕೆಲ್ಲ ಮೈ ತೂರಿಕೊಂಡು ಹೋಗಿಬಿಟ್ಟರೆ? ಮಾಯಾವಿ ಕುರುಡ!

ಎಚ್.ಜಿ. ವೆಲ್ಸ್‌ಗೆ ಇದರ ಸುಳಿವಿತ್ತು ಅನ್ಸುತ್ತೆ. 1897ರ ‘ದಿ ಇನ್‌ವಿಸಿಬಲ್ ಮ್ಯಾನ್’ ಕಾದಂಬರಿಯಲ್ಲಿ ಪ್ರಯೋಗಕ್ಕೆ ಸಿಕ್ಕ ಬೆಕ್ಕು ಪೂರ್ತಿ ಮಾಯವಾದರೂ ಕಣ್ಣಿನ ಹಿಂಭಾಗ ಮಾತ್ರ ಉಳಿದುಬಿಡುತ್ತೆ. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತಾಮ್ರದ ಸಿಲಿಂಡರೊಂದನ್ನು ಮೈಕ್ರೋವೇವ್ ಅಲೆಗಳಿಂದ ಬಹುಮಟ್ಟಿಗೆ ಮರೆಮಾಡಿದರು. ಅಲ್ಲೂ ಇದೇ ಪಾಡು. ಅಲೆ ಸುತ್ತುಹಾಕಿ ಮುಂದೆ ಹೋಗುತ್ತೆ, ಒಳಗಿದ್ದವನಿಗೆ ಕತ್ತಲೆ.

ಕಥೆಗಳಲ್ಲಿ ಜನ ಮಾಯವಾಗೋದು ಕದ್ದು ನೋಡೋಕೆ ತಾನೇ? ಹಾಗಾದರೆ ಎರಡು ಕಣ್ಣುಗುಡ್ಡೆಯಾದರೂ ಗಾಳಿಯಲ್ಲಿ ತೇಲುತ್ತಿರಬೇಕು.